ಅಕ್ಕಿ ಬೇಯದ ಬೆಟ್ಟದ ಅಡಿಗೆಯವ

ಸೀಮೆಎಣ್ಣೆಯ ವಾಸನೆ ಈಗ ಎಲ್ಲಿ ಸಿಗುತ್ತದೆ ಹೇಳಿ. ಮೊನ್ನೆ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಪಕ್ಕದ ಹೋಟೆಲಿನ ಕಾವಲಿಯ ಮೇಲೆ ಗೋಧಿಹಿಟ್ಟು ಸೀಯುತ್ತಿತ್ತು. ಎರಡು ವಾಸನೆ ಕೂಡಿದ್ದೇ ತಡ, ನನ್ನಜ್ಜ ಪಂಪ್ ಸ್ಟೌವಿನ ಮುಂದೆ ಕುಕ್ಕುರುಗಾಲಿನಲ್ಲಿ ಬಂದು ಕೂತುಬಿಟ್ಟ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನಾನು ಹೊರಟಿದ್ದೇ ಅವನ ಹೆಸರಿನಲ್ಲಿ ಊರವರು ಕಟ್ಟಿಸಿದ ಬಸ್ ತಂಗುದಾಣದ ಉದ್ಘಾಟನೆಗೆ. ಅಲ್ಲಿ ನಿಲ್ಲಿಸಿದ ಬೋರ್ಡಿನ ಫೋಟೋ ಹಿಂದಿನ ದಿನವೇ ನನ್ನ ಫೋನಿಗೆ ಬಂದಿತ್ತು.

ಆ ಬೋರ್ಡಿನ ಚೆಂದವೋ, ದೇವರಿಗೇ ಪ್ರೀತಿ! ಯಾರದೋ ಎದೆ, ಯಾರದೋ ತೋಳು, ಆ ತೋಳಿನಲ್ಲೊಂದು ಬಂದೂಕು. ಕುತ್ತಿಗೆಯ ಮೇಲೆ ಮಾತ್ರ ಆಧಾರ್ ಕಾರ್ಡಿನಿಂದ ಕಿತ್ತು ಅಂಟಿಸಿದ ನಮ್ಮಜ್ಜನ ಬಡಪಾಯಿ ಮುಖ. ಕೆಳಗೆ ಕೆಂಪಕ್ಷರದಲ್ಲಿ, ‘ಮೂವರು ಶತ್ರುಗಳ ರುಂಡ ಚೆಂಡಾಡಿದ ಮಲೆನಾಡ ಹುಲಿ’. ಹುಲಿಯಂತೆ! ಮನೆಯ ಬೆಕ್ಕು ಇಲಿ ಹಿಡಿದರೂ ಮುಖ ತಿರುಗಿಸುತ್ತಿದ್ದ ಮನುಷ್ಯ ಅವನು.

ನನ್ನಜ್ಜ ಮಿಲಿಟರಿಯಲ್ಲಿ ಅಡಿಗೆಯವನಾಗಿದ್ದ. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. ಬಸರೀಕಟ್ಟೆಯ ಕಡೆ ಕಾಫಿ ತೋಟದ ಕೂಲಿಲೈನಿನಲ್ಲಿ ಹುಟ್ಟಿ, ಹಿಮದ ಬೆಟ್ಟಗಳ ಮೇಲೆ ವರ್ಷಗಟ್ಟಲೆ ಬೇಯಿಸಿ ಬಡಿಸಿ, ಒಂದು ಪಂಪ್ ಸ್ಟೌವನ್ನು ಹೊತ್ತುಕೊಂಡು ಅದೇ ಲೈನಿಗೆ ಮರಳಿದ್ದ. ಕಡುಬು, ಅಕ್ಕಿರೊಟ್ಟಿ ಬಿಟ್ಟರೆ ಬೇರೆ ಗೊತ್ತಿಲ್ಲದ ನಮಗೆ ಭಾನುವಾರ ಬಂತೆಂದರೆ ಚಪಾತಿ. ಸ್ಟೌವಿನ ಬುಸುಬುಸು ಕೇಳಿದ ಕೂಡಲೇ ಲೈನಿನ ಮಕ್ಕಳೆಲ್ಲ ತಟ್ಟೆ ಹಿಡಿದು ಓಡುತ್ತಿದ್ದೆವು. ಕೊನೆಯವರು ಉಂಡು ಕೈ ತೊಳೆಯುವವರೆಗೆ ಅಜ್ಜ ಒಂದು ಚೂರು ಬಾಯಿಗೆ ಹಾಕುತ್ತಿರಲಿಲ್ಲ. ಅದು ಅಡಿಗೆಮನೆಯ ಕಾನೂನು ಎನ್ನುತ್ತಿದ್ದ. ಎಲ್ಲ ಆರಿ ತಣ್ಣಗಾದ ಮೇಲೆ ಉಣ್ಣುವುದು ಯಾವ ಸೀಮೆ ಕಾನೂನು ಎಂದು ಅಜ್ಜಿ ಬೈಯುತ್ತಿದ್ದಳು. ಆ ಲೈನ್ ಮನೆಗಳನ್ನು ಕೆಡವಿ ಈಗ ಹೋಂಸ್ಟೇ ಮಾಡಿದ್ದಾರೆ. ನಮ್ಮ ಒಲೆ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ನಿಮ್ಮದೂ ಅಂಥದೊಂದು ಒಲೆ ಎಲ್ಲೋ ಮಣ್ಣಾಗಿದ್ದೀತು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತರೆ ಅವನದು ಒಂದೇ ಕಥೆ. ಮೇಲಿನ ಬೆಟ್ಟದಲ್ಲಿ ನೀರು ಕೊತಕೊತ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಒಂದು ದಿನ ಕುಕ್ಕರ್ ಕೆಟ್ಟಿತು. ಪಾತ್ರೆಯ ಮುಚ್ಚಳದ ಮೇಲೆ ಕಲ್ಲು ಹೇರಿ, ಮಧ್ಯಾಹ್ನವಿಡೀ ಕಾದು ಕೂತು ಅನ್ನ ಮಾಡಿದ. ಕಾವಲು ಮುಗಿಸಿ ಬಂದ ಹುಡುಗರ ಬೆರಳು ಮರಗಟ್ಟಿದ್ದವು, ತುತ್ತು ಹಿಡಿಯಲಾಗಲಿಲ್ಲ. ಒಬ್ಬೊಬ್ಬರ ಬಾಯಿಗೂ ಇವನೇ ಇಟ್ಟ. ಇದನ್ನು ಹೇಳುವಾಗ ಅವನ ಕೈ ತಾನಾಗಿ ತುತ್ತು ಕಟ್ಟುತ್ತಿತ್ತು. ಕಟ್ಟೆಯ ಮೇಲಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ಕುದಿಯುವ ನೀರಲ್ಲಿ ಅಕ್ಕಿ ಬೇಯುವುದಿಲ್ಲ ಎಂದು ಯಾರ ಕಿವಿಗೆ ಹೂವಿಡುತ್ತೀ ಮಾರಾಯ ಎನ್ನುತ್ತಿದ್ದರು. ‘ಚಪಾತಿ ಮಿಲಿಟರಿ’ ಎಂದು ಹೆಸರಿಟ್ಟದ್ದೂ ಅವರೇ. ಅಜ್ಜ ಅವರ ಜೊತೆ ತಾನೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಬಾಯಿಗಳು ಈಗ ಹುಲಿ ಎನ್ನುತ್ತಿವೆ. ಉದ್ಘಾಟನೆಯ ದಿನ ಬಸ್ಸಿಳಿದವಳೇ ನೆಟ್ಟಗೆ ಚಿಕ್ಕಪ್ಪನ ಹತ್ತಿರ ಹೋದೆ. ಬೋರ್ಡ್ ಬರೆಸಿದವನು ಅವನೇ. ಹೆತ್ತ ಅಪ್ಪ ಅಡಿಗೆಯವನಾಗಿದ್ದ ಎನ್ನಲು ನಾಚಿಕೆಯೋ ಎಂದು ಎಲ್ಲರೆದುರು ಜಾಡಿಸಿದೆ. ಅವನು ಶಾಲು ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡಿದ.

“ನಂಗೆ ಎಂತಕ್ಕೆ ಬೈತೀಯ ಮಾರಾಯ್ತಿ? ಏಳನೇ ಕ್ಲಾಸಲ್ಲಿ ಸ್ಟೇಜ್ ಮೇಲೆ ನಿಂತು ಹೇಳಿದ್ದು ನೀನೇ ಅಲ್ವೇನೆ?”



ಹೌದು, ನಾನೇ. ಸ್ವಾತಂತ್ರ್ಯ ದಿನದಂದು ನಮ್ಮ ಶಾಲೆಯವರು ಅಜ್ಜನನ್ನು ಕರೆದು ಕುರ್ಚಿ ಹಾಕಿ ಕೂರಿಸಿದ್ದರು. ನನ್ನದು ಭಾಷಣ. ಎದುರಿಗೆ ಕಟ್ಟೆಯ ಮೇಲಿನ ಅದೇ ನಗುವ ಮುಖಗಳು. ಆ ಬಾಯಿಗಳನ್ನು ಮುಚ್ಚಿಸಬೇಕೆಂಬ ಹಟಕ್ಕೆ, ನನ್ನಜ್ಜ ಯುದ್ಧದಲ್ಲಿ ಮೂವರನ್ನು ಕೊಂದಿದ್ದಾರೆ ಎಂದುಬಿಟ್ಟೆ. ಚಪ್ಪಾಳೆ ಬಿದ್ದೇ ಬಿತ್ತು. ಹೆಡ್ಮಾಸ್ತರು ತಿರುಗಿ, ಹೌದೇನಜ್ಜ ಎಂದು ಕೇಳಿದರು. ಅಜ್ಜ ಮೈಕಿನ ಮುಂದೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದ. ಅಲ್ಲ ಎಂದಿದ್ದರೆ ಇಡೀ ಶಾಲೆಯ ಎದುರು ನನ್ನ ಮಾನ ಹೋಗುತ್ತಿತ್ತು. ಅವನು ತಲೆ ತಗ್ಗಿಸಿ ಸುಮ್ಮನಾದ. ಜನ ಅದನ್ನು ವಿನಯ ಎಂದುಕೊಂಡರು.

ಮನೆಗೆ ಬರುವ ದಾರಿಯಲ್ಲಿ ನಾನು ಹಿಗ್ಗಿ ಕುಣಿಯುತ್ತಿದ್ದೆ. ಅಜ್ಜ ಬಯ್ಯಲಿಲ್ಲ. ಹಳ್ಳ ದಾಟುವ ಸಂಕದ ಹತ್ತಿರ ನಿಂತು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ.

“ಇನ್ನೊಂದ್ಸಲ ನನ್ನ ಕೈಯಿಂದ ಯಾರನ್ನೂ ಕೊಲ್ಲಿಸ್ಬೇಡ ಮಗಾ.”

ಆಮೇಲೆ ಚಪಾತಿ ಮಿಲಿಟರಿ ಎಂದು ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟರು. ಕಟ್ಟೆಯ ಮೇಲೆ ಸರಿದು ಜಾಗ ಬಿಟ್ಟರು. ಆದರೆ ಬಂದೂಕಿನ ಕಥೆ ಹೇಳು ಎಂದು ಪೀಡಿಸತೊಡಗಿದರು. ಅಜ್ಜ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಅಕ್ಕಿ ಬೇಯದ ಬೆಟ್ಟದ ಕಥೆಯನ್ನು ಸಾಯುವವರೆಗೂ ಮತ್ತೆ ಹೇಳಲಿಲ್ಲ. ನಗುವವರ ನಡುವೆ ಅವನಿಗೊಂದು ಜಾಗವಿತ್ತು, ಅದನ್ನು ಕಿತ್ತುಕೊಂಡವಳು ನಾನು. ಹೈಸ್ಕೂಲಿನಲ್ಲಿ, ಎತ್ತರದ ಬೆಟ್ಟದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ ಎಂಬ ವಿಜ್ಞಾನದ ಪಾಠ ಓದುವಾಗ ಅವನ ಕಥೆ ಅಕ್ಷರಶಃ ನಿಜವೆಂದು ಗೊತ್ತಾಯಿತು. ಆಗಲೂ ಹೋಗಿ ಅವನಿಗೊಂದು ಮಾತು ಹೇಳದ ಪಾಪಿ ನಾನು.

ತಂಗುದಾಣದ ಉದ್ಘಾಟನೆ ಮುಗಿದ ಮೇಲೆ, ಮೊಮ್ಮಗಳು ಎರಡು ಮಾತು ಆಡಬೇಕೆಂದು ನನಗೆ ಮೈಕ್ ಕೊಟ್ಟರು. ಊರಿಗೆಲ್ಲ ಬಯ್ಯಬೇಕೆಂದು ಬಂದಿದ್ದೆ.

“ನನ್ನಜ್ಜ ಯಾರನ್ನೂ ಕೊಂದವನಲ್ಲ. ಏಳನೇ ಕ್ಲಾಸಲ್ಲಿ ನಾನು ಹೇಳಿದ್ದು ಸುಳ್ಳು. ಅವನು ಅಕ್ಕಿ ಬೇಯದ ಕಡೆ ಅನ್ನ ಮಾಡಿ ಹಾಕಿದವನು.”

ಒಂದು ಚಪ್ಪಾಳೆಯೂ ಬೀಳಲಿಲ್ಲ. ಅಕ್ಕಿ ಬೇಯುವುದಿಲ್ಲವಂತೆ ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಮೈಕ್ ಕಸಿದುಕೊಂಡು ಊಟಕ್ಕೆ ಏಳಿ ಎಂದ. ಬೋರ್ಡ್ ತೆಗೆಸು ಎಂದು ಕೈ ಮುಗಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಡಿಸುವವರ ಕೈಯಿಂದ ಅನ್ನದ ಬುಟ್ಟಿ ಇಸಿದುಕೊಂಡೆ. ನಕ್ಕವರಿಗೂ ಬಡಿಸಿದೆ, ಚಿಕ್ಕಪ್ಪನಿಗೂ ಬಡಿಸಿದೆ. ಕೊನೆಯವನು ಎದ್ದು ಕೈ ತೊಳೆದು ಹೋದ ಮೇಲೆ ಒಂದು ತಟ್ಟೆ ಹಿಡಿದು ತಂಗುದಾಣದ ಎದುರಿನ ಮಣ್ಣಿನ ದರೆಯ ಕೆಳಗೆ ಕೂತೆ. ಅನ್ನ ಆರಿ ತಣ್ಣಗಾಗಿತ್ತು. ಎದುರಿನ ಬೋರ್ಡಿನಲ್ಲಿ ಅಜ್ಜ ಬಂದೂಕು ಹಿಡಿದುಕೊಂಡೇ ಇದ್ದ.