ಹೆರ್ರಿಂಗ್ ಊರಿನಲ್ಲಿ ಮೆಟ್ಟುಗತ್ತಿ

ಐಸ್‌ಲ್ಯಾಂಡಿನಲ್ಲಿ ಮನುಷ್ಯರೇ ಇಲ್ಲ, ಬರೀ ಹಿಮ ಎಂದು ನಾನು ಬಹಳ ದಿನ ನಂಬಿದ್ದೆ. ಮ್ಯಾಟ್ರಿಕ್ಕಿನ ಭೂಗೋಳದಲ್ಲಿ ಅರವತ್ತೆರಡು ಅಂಕ ತೆಗೆದವನ ನಂಬಿಕೆ ಅದು, ಸುಲಭಕ್ಕೆ ಕರಗುವಂಥದ್ದಲ್ಲ. ೧೯೬೦ರ ಚಳಿಗಾಲದಲ್ಲಿ ಶಿರಸಿಯ ಶಿವಲಿಂಗಪ್ಪನವರ ಅಡಿಕೆ ವಖಾರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, ಆ ದೇಶದ ಅಂಚೆಚೀಟಿ ಹೊತ್ತ ಲಕೋಟೆಯೊಂದು ಗಾಡಿಯವರ ಮಗ ಬದ್ರುದ್ದೀನನ ಹೆಸರಿಗೆ, ಅವನು ಕೊಟ್ಟುಬಂದಿದ್ದ ನಮ್ಮ ವಿಳಾಸಕ್ಕೆ ಬಂತು. ಯಾರದೋ ಚೇಷ್ಟೆಯೆಂದು ಗಲ್ಲಾಪೆಟ್ಟಿಗೆಯ ಅಡಿಗೆ ತಳ್ಳಿದೆ. ಎಂಟು ದಿನ ಅಲ್ಲೇ ಇತ್ತು. ಆ ಎಂಟು ದಿನವೂ ಬದ್ರುದ್ದೀನ್ ಊರಿಗೆಲ್ಲ ಸುಳ್ಳನಾಗಿದ್ದ.

ಬದ್ರುದ್ದೀನನ ಅಪ್ಪ ವಖಾರಿಗೆ ಗಾಡಿ ಹೊಡೆಯುತ್ತಿದ್ದವರು. ತಾಯಿ ಕುಲ್ಸುಮ್ ಅಡಿಕೆ ಸುಲಿಯುತ್ತಿದ್ದವಳು. ಮಣೆಗೆ ನೆಟ್ಟ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಅಡಿಕೆಯನ್ನು ಅದಕ್ಕೆ ಆನಿಸಿ ಸಿಪ್ಪೆ ಬಿಡಿಸುವ ವಿದ್ಯೆಯನ್ನು ಅವನು ಕಲಿತದ್ದು ಅವಳಿಂದ. ಇಪ್ಪತ್ತಕ್ಕೆ ಮುಂಬಯಿಗೆ ಹೋಗಿ ಸರಕು ಹಡಗಿನ ಅಡುಗೆಮನೆ ಸೇರಿದ. ನಾಲ್ಕು ವರ್ಷ ಈರುಳ್ಳಿ ಹೆಚ್ಚಿ ಮರಳಿದಾಗ, ಯಲ್ಲಾಪುರದ ಲಾರಿ ಮಾಲೀಕ ಮುಕ್ತಾರ್ ಸಾಹೇಬರ ಮಗಳು ಜೊಹರಾಳ ಜೊತೆ ಮದುವೆಯ ಮಾತು ನಡೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಿಕಾಹ್ ಮುಗಿದೇ ಹೋಗುತ್ತಿತ್ತು. ಭಾವೀ ಮಾವನೆದುರು ಐಸ್‌ಲ್ಯಾಂಡಿನ ಒಂದು ಮೀನಿನ ಊರಿನ ಕಥೆ ಬಿಚ್ಚಿದ.

ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಡೆ ಆ ಊರು. ಒಂದು ಕಾಲಕ್ಕೆ ಅಲ್ಲಿದ್ದದ್ದು ನಾಲ್ಕು ಮನೆ, ಹತ್ತು ಕುರಿ. ಹೆರ್ರಿಂಗ್ ಮೀನು ದಂಡುಗಟ್ಟಿ ಬರತೊಡಗಿದ ಮೇಲೆ ನಾರ್ವೆಯವರು ಬಂದು ದೋಣಿ ನಿಲ್ಲಿಸಲು ಹಲಗೆಯ ಧಕ್ಕೆ ಕಟ್ಟಿದರಂತೆ. ಹಿಂದೆಯೇ ಶಾಲೆ, ಚರ್ಚು, ಜಗಳ ಎಲ್ಲವೂ ಬಂದವು. ಬದ್ರುದ್ದೀನನ ಹಡಗು ಉಪ್ಪುಮೀನಿನ ಪೀಪಾಯಿ ತುಂಬಲು ಹೋದದ್ದು ಹೊತ್ತೇ ಮುಳುಗದ ಬೇಸಿಗೆಯಲ್ಲಿ. ಬಂದ ಮೀನು ಅಂದೇ ಉಪ್ಪಿಗೆ ಬೀಳಬೇಕು, ಇಲ್ಲದಿದ್ದರೆ ಕೊಳೆತೀತು. ಹೆಂಗಸರು ಸೊಂಟ ಬಗ್ಗಿಸಿ ನಿಂತು ಗಿಡ್ಡ ಚೂರಿಯಿಂದ ಕರುಳು ತೆಗೆಯುತ್ತಿದ್ದರು. ಕೈ ಸಾಲದೆ ಹಡಗಿನವರನ್ನೂ ಕರೆದರು. ಬದ್ರುದ್ದೀನ್ ಆ ಚೂರಿಯಿಂದ ಮೊದಲು ಕೊಯ್ದದ್ದು ತನ್ನ ಹೆಬ್ಬೆರಳನ್ನು. ಹೆಂಗಸರು ನಕ್ಕರು. ಹಡಗಿನ ಬಡಗಿಯಿಂದ ಹಲಗೆಗೊಂದು ಅಲಗು ನೆಡಿಸಿಕೊಂಡು ಬಂದು ಧಕ್ಕೆಯ ಮೇಲೆ ಕುಕ್ಕರಿಸಿದ. ಇನ್ನೂ ಜೋರಾಗಿ ನಕ್ಕರು. ಮೂರನೆಯ ಪೀಪಾಯಿಗೆ ನಗು ನಿಂತಿತು. ಊರಿಗೇ ಚುರುಕಿನವಳೆಂದು ಹೆಸರಾದ ಗುಡ್ರುನ್ ಅಜ್ಜಿ ತೋಳು ಮಡಚಿ ಪಂದ್ಯಕ್ಕೆ ಅವನೆದುರು ನಿಂತಳು. ಮೀನು ಮುಗಿದಾಗ ಅವಳದು ಹದಿನೇಳು ಪೀಪಾಯಿ, ಅವನದು ಹದಿನೆಂಟು. ಅಜ್ಜಿಯೇ ಅವನ ಕೈ ಹಿಡಿದು ಮೇಲೆತ್ತಿದಳು; ದೋಣಿಗಳೆಲ್ಲ ಸಿಳ್ಳೆ ಊದಿದವು.

"ಸೂರ್ಯ ಮುಳುಗೋದಿಲ್ಲ, ದೋಣಿ ಸಿಳ್ಳೆ ಹೊಡಿತದೆ! ಇಂಥ ಬುರುಡೆಗೆ ಮಗಳನ್ನ ಕೊಡೋದಿಲ್ಲ" ಎಂದು ಮುಕ್ತಾರ್ ಸಾಹೇಬರು ಎದ್ದುಹೋದರು.

ಆಮೇಲೆ ಬದ್ರುದ್ದೀನ್ ಚಾದಂಗಡಿ ಹತ್ತಿದರೆ ಸಾಕು, ಕೂತವರು ಕೇಳುತ್ತಿದ್ದರು: "ಏನೋ ಬದ್ರು, ಇವತ್ತು ಸೂರ್ಯ ಮುಳುಗ್ತಾನೋ, ನೀನೇ ಹಿಡಕಂಡೀಯೋ?" ಅವನು ಚಾ ಕುಡಿಯುವುದನ್ನೇ ಬಿಟ್ಟ.

ಒಂಬತ್ತನೆಯ ದಿನ ಶಿವಲಿಂಗಪ್ಪನವರ ಕೈಗೆ ಲಕೋಟೆ ಸಿಕ್ಕಿತು. "ಇದೇನಲೇ, ಗಲ್ಲಾದ ಬುಡಕ ಕಾವಿಗೆ ಇಟ್ಟೀಯೇನು?" ಎಂದು ನನ್ನನ್ನು ಬೈದು, ಬದ್ರುದ್ದೀನನನ್ನು ಕರೆಸಿದರು. ಅವನು ಲಕೋಟೆಯನ್ನು ಮುಟ್ಟಲಿಲ್ಲ.

"ಮುಕ್ತಾರ್ ಚಾಚಾ ಬರ್ಲಿ. ಅವರೇ ಒಡೀಲಿ."

"ಒಳಗ ಏನೈತೋ ಏನೋ, ನೀನಽ ಒಮ್ಮೆ ನೋಡೋ."

"ನಾ ಮೊದಲು ಒಡೆದ್ರೆ, ನಾನೇ ಏನೋ ಹಾಕಿಟ್ಟೆ ಅಂತಾರೆ."

ಮರುದಿನ ಮುಕ್ತಾರ್ ಸಾಹೇಬರು ಬಂದು ಎಲ್ಲರೆದುರು ಲಕೋಟೆ ಹರಿದರು. ಒಳಗೊಂದು ಫೋಟೋ: ಪೀಪಾಯಿಗಳ ಸಾಲು, ಹೆಂಗಸರ ಸಾಲು, ನಡುವೆ ಮೆಟ್ಟುಗತ್ತಿಯ ಹಿಂದೆ ಬದ್ರುದ್ದೀನ್, ಅವನ ಕೈ ಎತ್ತಿ ಹಿಡಿದ ಅಜ್ಜಿ. ಜೊತೆಗೆ ಆ ಊರಿನ ಮಾಸ್ತರರ ಇಂಗ್ಲಿಷ್ ಚೀಟಿ. ನನ್ನ ಮ್ಯಾಟ್ರಿಕ್ ಇಂಗ್ಲಿಷ್ ಬೆವರಿಳಿಸಿ ಓದಿತು: ಊರಿನ ಆರು ಹೆಂಗಸರು ಈಗ ಕೂತೇ ಕೊಯ್ಯುತ್ತಾರೆ; ಸೊಂಟನೋವು ಕಡಿಮೆಯಾಗಿದೆ; ಗುಡ್ರುನ್ ಮಾತ್ರ ಹಟಕ್ಕೆ ನಿಂತೇ ಇದ್ದಾಳೆ.

ವಖಾರಿಯಲ್ಲಿ ಕೇಕೆ ಎದ್ದಿತು. ಶಿವಲಿಂಗಪ್ಪನವರು ಬದ್ರುದ್ದೀನನ ಬೆನ್ನಿಗೆ ಗುದ್ದಿದರು. ಮುಕ್ತಾರ್ ಸಾಹೇಬರು ಬಾಗಿಲಿಗೆ ಹೋಗಿ ತಾವೇ ಕೂಗಿ ಎಲ್ಲರಿಗೂ ಚಾ ಹೇಳಿದರು. ಬರುವ ತಿಂಗಳೇ ನಿಕಾಹ್ ಎಂದರು. ಆಮೇಲೆ ಫೋಟೋವನ್ನು ಮತ್ತೆ ಕಣ್ಣಿಗೆ ಹಿಡಿದು, ದನಿ ತಗ್ಗಿಸಿ ಕೇಳಿದರು:

"ಅಲ್ಲಯ್ಯಾ, ಹೊತ್ತು ಮುಳುಗಿದ ಮೇಲೆ ಮಾಡೋ ನಮಾಜು ಒಂದಿದೆಯಲ್ಲ. ಅದನ್ನ ಅಲ್ಲಿ ಯಾವಾಗ ಮಾಡಿದೆ?"

"ಮಾಡ್ಲಿಲ್ಲ ಚಾಚಾ. ಮೈಯೆಲ್ಲ ಮೀನಿನ ಹೊಲಸಾಗಿತ್ತು."