ಹುಲ್ಲಿನ ಬೇರಿನ ಬೆನ್ನುಹತ್ತಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮಣ್ಣಕ್ಕ ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಗುಂಡು ಎಸೆತದ ಆಟಗಾರ್ತಿಯಾಗಿದ್ದವಳು, ಆಮೇಲೆ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದಳು. "ನಮ್ಮ ಸೊಸೆ ಕಸ ಗುಡಿಸಿದ್ರೆ ಎಸೆಯಲ್ಲ, ಡಬ್ಬಿಗೆ ತುಂಬಿ ಚೀಟಿ ಅಂಟಿಸ್ತಾಳೆ" ಎಂದು ಅತ್ತೆ ನಗುತ್ತಿದ್ದರು.

ಆ ವರ್ಷ ಊರಾಚೆಯ ಹುಲ್ಲುಗಾವಲನ್ನು ಉತ್ತು ಮರ ನೆಡುವ ಯೋಜನೆ ಬಂತು. ಗಾಳಿಯ ಇಂಗಾಲವನ್ನು ಹಿಡಿದಿಡುವುದು ಮರಗಳೇ, ಹುಲ್ಲಿನಿಂದ ಏನಾದೀತು ಎಂಬುದು ನಗರಸಭೆಯ ಅಂಬೋಣ. ಹುಲ್ಲು ಎಷ್ಟು ಹಿಡಿದಿಟ್ಟಿದೆಯೆಂದು ಮೊದಲು ಅಳೆಯೋಣ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಪಟ್ಟುಹಿಡಿದರು. ಮಳೆ ಶುರುವಾಗುವುದರೊಳಗೆ ಉತ್ತರ ಕೊಡಬೇಕಿತ್ತು. ಕೆಲಸ ಮಣ್ಣಕ್ಕನ ಪಾಲಿಗೆ ಬಂತು.

ಚೌಕಟ್ಟು ಇಟ್ಟು ಅದರೊಳಗಿನ ಹುಲ್ಲು ಕೊಯ್ದು, ಒಣಗಿಸಿ ತೂಗಿದಳು. ಸಿಕ್ಕಿದ್ದು ಅಷ್ಟಕ್ಕಷ್ಟೆ. ಉಳಿದ ಇಂಗಾಲ ನೆಲದೊಳಗೇ, ಬೇರಿನಲ್ಲೇ ಇರಬೇಕು. ಆದರೆ ಬಿಸಿಲಿಗೆ ನೆಲ ಕಲ್ಲಾಗಿತ್ತು. ಮಣ್ಣು ಕೊರೆಯುವ ಬೈರಿಗೆ ಮೊಳದಾಳಕ್ಕೆ ಹೋಗಿ ನಿಂತಿತು. ಮೈಭಾರವೆಲ್ಲ ಹಾಕಿ ತಿರುಗಿಸಿದರೆ ಹಿಡಿಯೇ ಮುರಿದು ಕೈಗೆ ಬಂತು.

"ನೆಲ ನನ್ನನ್ನ ಒಳಗೇ ಬಿಡ್ತಿಲ್ಲ ರೀ" ಎಂದು ಗಂಡನ ಮುಂದೆ ಹೇಳಿಕೊಂಡಳು. ಅವನು ವೆಲ್ಡಿಂಗ್ ಅಂಗಡಿಯವನು. ಮುರಿದ ಬೈರಿಗೆಯನ್ನು ತಿರುಗಿಸಿ ನೋಡಿದ.

"ತಿರುಗಿಸ್ತಾ ಕೂತ್ರೆ ನಿನ್ನ ರಟ್ಟೆ ಬಿದ್ದುಹೋಗುತ್ತೆ ಅಷ್ಟೆ. ಹೊಡೆದು ಇಳಿಸೋ ಹಾಗೆ ಮಾಡಿಕೊಡ್ತೀನಿ. ಗುಂಡು ಎಸೆದವಳಿಗೆ ಅದೊಂದು ಭಾರವಾ?"

ಆಳುದ್ದದ ಉಕ್ಕಿನ ಕೊಳವೆ, ಹರಿತವಾದ ಬಾಯಿ, ಒಂದು ಪಕ್ಕ ಉದ್ದಕ್ಕೂ ಸೀಳು, ನೆತ್ತಿಯ ಮೇಲೆ ಎತ್ತಿ ಬಿಡಲು ಕಬ್ಬಿಣದ ದಿಮ್ಮಿ. ರಜೆಯ ದಿನ ಹುಲ್ಲುಗಾವಲಿಗೆ ಅತ್ತೆಯೂ ನೋಡಲು ಬಂದರು. ಮಣ್ಣಕ್ಕ ದಿಮ್ಮಿ ಎತ್ತಿ ಬಿಟ್ಟಳು, ಮತ್ತೆ ಎತ್ತಿ ಬಿಟ್ಟಳು. ಬೆವರು ಕಣ್ಣಿಗಿಳಿಯುತ್ತಿದ್ದಂತೆ ಕೊಳವೆ ಕುತ್ತಿಗೆಯವರೆಗೂ ಇಳಿಯಿತು. ಈಗ ಮೇಲೆ ಬರಲೊಲ್ಲದು! ಗಂಡ ಅಂಗಡಿಗೆ ಓಡಿ ಲಾರಿ ಎತ್ತುವ ಜಾಕ್ ತಂದ. ಇಬ್ಬರೂ ಸೇರಿ ಮೀಟಿದಾಗ ಕೊಳವೆ ಇಂಚಿಂಚಾಗಿ ಹೊರಬಂತು. ಸೀಳಿನಲ್ಲಿ ಕಪ್ಪು ಮಣ್ಣು, ಅದರ ತುಂಬ ಕೂದಲೆಳೆಯಂಥ ಬೇರುಗಳು, ತುದಿಯವರೆಗೂ.

"ಅಯ್ಯೋ ಶಿವನೇ! ಮೇಲೆ ಗೇಣುದ್ದ ಹುಲ್ಲು, ಕೆಳಗೆ ಆಳುದ್ದ ಬೇರಾ?" ಎಂದರು ಅತ್ತೆ. ಮಣ್ಣಕ್ಕ ಕೊಳವೆ ತಬ್ಬಿಕೊಂಡು ನಕ್ಕಳು.

ಆಮೇಲೆ ಹುಲ್ಲುಗಾವಲಿನ ಉದ್ದಗಲಕ್ಕೂ, ಪಕ್ಕದ ಹಳೆಯ ನೆಡುತೋಪಿನಲ್ಲೂ ಕೊಳವೆ ಇಳಿಯಿತು. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಕುಲುಮೆಯಲ್ಲಿ ಸುಟ್ಟು ಇಂಗಾಲ ಅಳೆದರು; ತೋಪಿನ ಮರಗಳದ್ದನ್ನು ಸುತ್ತಳತೆಯಿಂದ ಲೆಕ್ಕಹಾಕಿದರು. ತೋಪಿನ ಮರ, ಮಣ್ಣು ಎರಡೂ ಸೇರಿದರೂ ಹುಲ್ಲುಗಾವಲಿನ ಇಂಗಾಲವೇ ಹೆಚ್ಚಿತ್ತು. ನಂಬಲಾಗದೆ ಮುಖ್ಯಸ್ಥೆ ಮತ್ತೊಮ್ಮೆ ಅಳೆಸಿದರು. ಉತ್ತರ ಬದಲಾಗಲಿಲ್ಲ.

ನಗರಸಭೆಯ ಸಭೆಯಲ್ಲಿ ಮಣ್ಣಕ್ಕ ಲೆಕ್ಕ ಮುಂದಿಟ್ಟಾಗ ಸದಸ್ಯರೊಬ್ಬರು ಕೇಳಿದರು, "ಬೆಂಕಿ ಬಿದ್ರೆ ನಿಮ್ಮ ಹುಲ್ಲು ಬೂದಿ ಅಲ್ವೇನಮ್ಮಾ?"

"ಮೇಲಿನದು ಹೋದ್ರೂ ಕೆಳಗಿನದು ಉಳಿಯುತ್ತೆ ಸರ್. ಉತ್ತುಬಿಟ್ರೆ ಮಾತ್ರ, ಕೂಡಿಟ್ಟಿದ್ದೆಲ್ಲ ಗಾಳಿಪಾಲು" ಎಂದಳು ಮಣ್ಣಕ್ಕ.

ಹುಲ್ಲುಗಾವಲನ್ನು ಹಾಗೇ ಬಿಡುವುದು, ಸಸಿಗಳನ್ನು ರಸ್ತೆಬದಿಗೆ ನೆಡುವುದು ಎಂದು ತೀರ್ಮಾನವಾಯಿತು. ಹಿಂದಿನ ಸಾಲಿನಿಂದ ಜೋರಾಗಿ ಚಪ್ಪಾಳೆ ಕೇಳಿಸಿತು. ಸದ್ದು ಮಾಡಬೇಡಿ ಎಂದು ಕಾವಲಿನವನು ಗದರಿದ.

"ಅವಳು ನನ್ನ ಸೊಸೆ ಕಣಪ್ಪಾ!" ಎಂದು ಅತ್ತೆ ಎದ್ದು ನಿಂತೇ ಚಪ್ಪಾಳೆ ತಟ್ಟಿದರು. ಇಡೀ ಸಭಾಂಗಣ ಜೊತೆಗೂಡಿತು.