ಕಾಫಿಬೀಜ ಆರುವವರೆಗೆ

ನಮ್ಮವ್ವ ಬೇರೆಲ್ಲ ಕೆಲಸದಲ್ಲಿ ಬಲು ಚುರುಕು. ಆದರೆ ಹುರಿದ ಕಾಫಿಬೀಜ ಆರಿಸಲು ಕೂತಳೆಂದರೆ ಮುಗಿಯಿತು, ಅವಳನ್ನು ಅವಸರಪಡಿಸುವ ಗಂಡಸು ಆದೋನಿಯಲ್ಲೇ ಇರಲಿಲ್ಲ. ಬಾಣಲೆಯಿಂದ ಬೀಜವನ್ನು ಮೊರಕ್ಕೆ ಸುರಿದು ನಡುಮನೆಯಲ್ಲಿ ಮುಂದಿಟ್ಟುಕೊಂಡು ಅಂಗೈಯಿಂದ ಮೆಲ್ಲಗೆ ಸವರುವಳು. ಬೀಸಣಿಗೆ ಮುಟ್ಟಗೊಡುತ್ತಿರಲಿಲ್ಲ. ಬೀಸಿದರೆ ವಾಸನೆ ಹಾರಿಹೋಗುತ್ತದಂತೆ, ತಾನಾಗಿಯೇ ಆರಬೇಕಂತೆ.

ನನ್ನನ್ನು ಪೆದ್ದಕಡುಬೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅದು ಹೊಲ, ಕುರಿಗಳ ಮನೆ. ಅಲ್ಲಿ ಮಜ್ಜಿಗೆ ಬಿಟ್ಟರೆ ಬೇರೆ ಕುಡಿಯುವುದು ಗೊತ್ತಿರಲಿಲ್ಲ. ಹತ್ತಿ ವ್ಯಾಪಾರದ ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಟ್ಟೂ ಕೊಟ್ಟೂ ನನಗೂ ಅದರ ಚಟ ಹತ್ತಿತ್ತು. ಅದಕ್ಕೇ ನಾನು ತವರಿನಿಂದ ಹೊರಡುವಾಗ ಅವ್ವ ಒಂದು ಡಬ್ಬಿ ಬೀಜ ಹುರಿದು ಕೊಡುತ್ತಿದ್ದಳು. ಹುರಿಯುತ್ತಿದ್ದದ್ದು ಹೊರಡುವ ದಿನ ಬೆಳಿಗ್ಗೆಯೇ. ಡಬ್ಬಿ ಕಟ್ಟಿದ ಮೇಲೆ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬುವುದು. ಉಡಿ ತುಂಬಿಸಿಕೊಂಡ ಮಗಳು ಮತ್ತೆ ಕೂಡುವಂತಿಲ್ಲ, ನೇರ ಹೊಸ್ತಿಲು ದಾಟಿ ಗಾಡಿ ಹತ್ತಬೇಕು. ಅಂದರೆ ಬೀಜ ಆರುವವರೆಗೆ ನನ್ನನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಅವ್ವನ ಈ ಜಾಣತನ ಆಗ ನನ್ನ ಮಂದ ತಲೆಗೆ ಹೊಳೆಯಲಿಲ್ಲ.

ಮದುವೆಯಾದ ಮೊದಲ ವರ್ಷ, ಚಳಿಗಾಲ. ಕರೆದೊಯ್ಯಲು ಗಂಡನ ಚಿಕ್ಕಪ್ಪ ಬಂದಿದ್ದರು. ಬಾಗಿಲಲ್ಲಿ ಗಾಡಿ ಕಟ್ಟಿ ನಿಂತಿತ್ತು.

"ಅಕ್ಕಾರ, ಬಿಸಿಲ ಏರಾಕ ಹತ್ತೈತ್ರಿ" ಎಂದು ಅವರು ಕಟ್ಟೆಯಿಂದಲೇ ಕೂಗಿದರು.

"ಬೀಜ ಇನ್ನಾ ಆರಿಲ್ರಿ ಅಣ್ಣಾರ. ಬಿಸೀವ ಡಬ್ಬ್ಯಾಗ ಹಾಕಿದ್ರ ಬೆವತು ಕೆಡ್ತಾವ. ಇನ್ನೊಂದು ಚರಿಗಿ ಮಜ್ಜಿಗಿ ಕುಡೀರಿ" ಎಂದಳು ಅವ್ವ.

"ಸರ್ಲೆಂಡಿ, ಕುಡೀತೀನಿ" ಎಂದು ಅವರು ಅರ್ಧ ತೆಲುಗಿನಲ್ಲಿ ಒಪ್ಪಿ ಮತ್ತೆ ಕೂತರು.

ಅವ್ವ ಬೀಜ ಸವರುತ್ತಾ ನನ್ನ ಗಂಡನ ಊರಿನ ಸುದ್ದಿ ತೆಗೆದಳು. ಅತ್ತೆ ತಲೆಗೆ ಎಣ್ಣೆ ಹಚ್ಚುತ್ತಾರಾ, ಬಾವಿ ದೂರ ಆಗುತ್ತದಾ, ಹೊಟ್ಟೆ ತುಂಬಾ ಉಣ್ಣುತ್ತೀಯಾ ಎಂದು ಒಂದೊಂದೇ ಕೇಳಿದಳು. ನನಗೋ ಕೂತಲ್ಲಿ ಮುಳ್ಳು. ಈಗ ಈ ವಯಸ್ಸಿನಲ್ಲಿ ನಾಚಿಕೆ ಎಂಥದು, ಹೇಳಿಬಿಡುತ್ತೇನೆ. ಗಂಡನನ್ನು ನೋಡದೆ ಹದಿನೈದು ದಿನ ಆಗಿತ್ತು. ಅವ್ವ ಮೇಲಿಂದ ಮೇಲೆ ಕೇಳಿದಷ್ಟೂ ನಾನು ಹಾಂ, ಹೂಂ ಎನ್ನುತ್ತಿದ್ದೆ. ಕೊನೆಗೆ ತಡೆಯಲಾರದೆ ಅವಳ ಮುಂದಿನಿಂದ ಮೊರ ಎತ್ತಿಕೊಂಡು ಮಾಳಿಗೆಗೆ ಓಡಿದೆ. ಬೆಟ್ಟದ ಕಡೆಯಿಂದ ಒಳ್ಳೆ ಚಳಿಗಾಳಿ ಬೀಸುತ್ತಿತ್ತು. ಜೋಳ ಕೇರಿದ ಹಾಗೆ ಹತ್ತಾರು ಸಲ ಕೇರಿದೆ. ಹೊಟ್ಟೆಲ್ಲ ಹಾರಿ, ಬೀಜ ತಣ್ಣಗಾದವು.

"ಆರಿದ್ವು ನೋಡು!" ಎಂದು ದೊಡ್ಡ ಸಾಧನೆ ಮಾಡಿದವಳಂತೆ ಇಳಿದು ಬಂದೆ.

ಅವ್ವ ಮೊರ ನೋಡಲಿಲ್ಲ, ನನ್ನ ಮುಖ ನೋಡಿದಳು. "ಭಾಳ ಅವಸರ ಐತೇನವ್ವಾ?" ಎಂದಳು. ಬೈಯಲಿಲ್ಲ. ಎದ್ದು ಉಡಿಗೆ ಅಕ್ಕಿ ತಂದಳು. ನಾನು ನಗುನಗುತ್ತಾ ಗಾಡಿ ಹತ್ತಿದೆ.

ಮುಂದೆ ಒಂದು ವರ್ಷ ತವರಿಗೆ ಬರಲು ಆಗಲಿಲ್ಲ. ಹೊಲದ ಕೆಲಸ, ಮನೆ ತುಂಬ ಮಂದಿ, ಜೊತೆಗೆ ಒಂದು ಬಸಿರು ಇಳಿದುಹೋಯಿತು. ಅದನ್ನು ಅಲ್ಲಿ ಯಾರ ಮುಂದೆಯೂ ಹೇಳಿಕೊಂಡು ಅಳಲು ಆಗಿರಲಿಲ್ಲ. ಅವ್ವನ ಮುಂದೆ ಅಳಬೇಕೆಂದೇ ಬಂದೆ. ಬಂದ ಮೂರು ದಿನವೂ ಮನೆಯಲ್ಲಿ ನೆಂಟರು. ಹೊರಡುವ ಬೆಳಿಗ್ಗೆ ಅವ್ವ ಬೀಜ ಆರಿಸಲು ಕೂತಾಗ ಹೇಳಿದರಾಯಿತು, ಆಗ ನಾವಿಬ್ಬರೇ ಇರುತ್ತೇವೆ ಎಂದು ತಡೆದುಕೊಂಡೆ.

ಆ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಬಾಣಲೆಯೇ ಇರಲಿಲ್ಲ. ಅವ್ವ ಬಾಯಿ ಕಟ್ಟಿದ ಡಬ್ಬಿ ತಂದು ಕೈಗಿಟ್ಟಳು.

"ನಿನ್ನೇನ ಹುರದು ಆರಿಸಿ ಇಟ್ಟೀನವ್ವಾ. ಹೋದ ಸಲ ಪಾಪ, ನಿನಗ ಭಾಳ ಕಾಯೂದಾತು."

ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ಜಗಳ ತೆಗೆದು, ಅತ್ತು, ಒಂದು ತಾಸಾದರೂ ಕೂಡುತ್ತಿದ್ದೆ. ಕೊಂಕು ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ:

"ಯವ್ವಾ, ಇನ್ನಾ ಸ್ವಲ್ಪ ಬಿಸಿ ಇದ್ದಾವೇನ ನೋಡು."

ಅವಳು ಡಬ್ಬಿ ಬಿಚ್ಚಿ ಕೈ ಹಾಕಿ ನೋಡಿದಳು. "ಇಲ್ಲವ್ವಾ, ಪೂರಾ ಆರ್ಯಾವ. ಅಂಜಬ್ಯಾಡ, ತಡ ಆಗೂದಿಲ್ಲ" ಎಂದು ಉಡಿಯ ಅಕ್ಕಿ ತರಲು ಒಳಗೆ ಹೋದಳು.